ಅಧ್ಯಕ್ಷರ ಗೋಡೆ

ಒಬ್ಬ ಮನುಷ್ಯನ ಮೇಲಿನ ಸಿಟ್ಟಿಗಾಗಿ ನಾನು ಬಂಡೆ ಹತ್ತಲು ಕಲಿತೆ. ಬೆಟ್ಟಗಳ ಬಗ್ಗೆ ಬರೆಯುವವರು ಶಿಖರದ ಮೌನವನ್ನೋ ಆಕಾಶದ ಸಾಮೀಪ್ಯವನ್ನೋ ಹೇಳಿ ಆರಂಭಿಸುವುದು ವಾಡಿಕೆ. ನನಗೆ ಅವೆರಡೂ ಬೇಕಿರಲಿಲ್ಲ. ಮಸ್ಕತ್ತಿನಲ್ಲಿದ್ದ ನಮ್ಮ ಊರ ಕಡೆಯವರ ಕೂಟವೊಂದರ ಅಧ್ಯಕ್ಷರು, ತುಂಬಿದ ಸಭೆಯ ಎದುರು, ತಮ್ಮ ಕೈಯಿಂದಲೇ ಒಂದು ರಿಬ್ಬನ್ನನ್ನು ಕತ್ತರಿಸಬೇಕು ಎಂಬುದಷ್ಟೇ ನನ್ನ ಗುರಿಯಾಗಿತ್ತು. ಆ ಗುರಿಗೂ ನನಗೂ ನಡುವೆ ಒಂದು ಸುಣ್ಣಕಲ್ಲಿನ ಗೋಡೆ ನಿಂತಿತ್ತು.

ರಿಬ್ಬನ್ನಿನ ವಿಷಯವನ್ನು ಮೊದಲು ಹೇಳಬೇಕು. ಎಂಬತ್ತರ ದಶಕದ ಗಲ್ಫಿನಲ್ಲಿ ನಮ್ಮವರು ಎರಡೇ ಜಾತಿಗೆ ಸೇರಿದವರು: ಫ್ಯಾಮಿಲಿ ಮತ್ತು ಬ್ಯಾಚುಲರ್. ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳುವಷ್ಟು ದೊಡ್ಡ ಹುದ್ದೆಯಲ್ಲಿದ್ದವನು ಫ್ಯಾಮಿಲಿ. ಉಳಿದವರೆಲ್ಲ, ಊರಿನಲ್ಲಿ ಮೂರು ಮಕ್ಕಳ ತಂದೆಯಾಗಿದ್ದರೂ, ಬ್ಯಾಚುಲರ್. ಬಾಡಿಗೆ ಮನೆಯಿಂದ ಹಿಡಿದು ಪಿಕ್‌ನಿಕ್ಕಿನ ಬಸ್ಸಿನವರೆಗೆ ಈ ಭೇದ ನಡೆಯುತ್ತಿತ್ತು. ನಮ್ಮ ಕೂಟದ ಕಾರ್ಯಕ್ರಮಗಳಲ್ಲಿ ಅದು ಕಣ್ಣಿಗೆ ಕಾಣುವಂತೆ ಇತ್ತು. ಬಾಡಿಗೆಗೆ ಹಿಡಿದ ಶಾಲೆಯ ಸಭಾಂಗಣದಲ್ಲಿ, ಮುಂದಿನ ಕುರ್ಚಿಗಳಿಗೂ ಹಿಂದಿನ ಬೆಂಚುಗಳಿಗೂ ನಡುವೆ, ಗೋಡೆಯಿಂದ ಗೋಡೆಗೆ ಒಂದು ನೀಲಿ ರಿಬ್ಬನ್ ಕಟ್ಟುತ್ತಿದ್ದರು. ಮುಂದೆ ಫ್ಯಾಮಿಲಿ, ಹಿಂದೆ ಬ್ಯಾಚುಲರ್. ವೇದಿಕೆ ಕಟ್ಟುವವರು, ಪಾತ್ರೆ ತೊಳೆಯುವವರು, ಐನೂರು ಜನಕ್ಕೆ ಸಾಂಬಾರು ಕುದಿಸುವವರು ಎಲ್ಲರೂ ಹಿಂದಿನವರೇ.

ನಾನು ರೂವಿಯ ಒಂದು ಸರಕು ಸಾಗಣೆ ಕಚೇರಿಗೆ ಪತ್ರ ಬರೆಯುವ ಗುಮಾಸ್ತನಾಗಿ ಬಂದಿದ್ದೆ. ಮಂಗಳೂರಿನ ಕಾಲೇಜಿನಲ್ಲಿ ಚರ್ಚಾಕೂಟದ ಕಾರ್ಯದರ್ಶಿಯಾಗಿದ್ದವನು. ಸರಿಯಾಗಿ ಮಂಡಿಸಿದ ವಾದಕ್ಕೆ ಸಮಾಜ ತಲೆಬಾಗಲೇಬೇಕು ಎಂಬ ನಂಬಿಕೆಯನ್ನು ಪದಕಗಳ ಜೊತೆ ಪೆಟ್ಟಿಗೆಯಲ್ಲಿಟ್ಟುಕೊಂಡು ತಂದಿದ್ದೆ. ನನಗಿಂತ ಮೊದಲೇ ನನ್ನ ಅಣ್ಣ ಅಲ್ಲಿಗೆ ಬಂದಿದ್ದ. ಅವನು ಅಲ್ ಹೈಲ್ ಕಡೆ ಮನೆಗಳನ್ನು ಕಟ್ಟುತ್ತಿದ್ದ ಒಂದು ಕಂಪನಿಯಲ್ಲಿ ಪೈಪ್ ಫಿಟ್ಟರ್; ವಾಸ ಕಂಪನಿಯ ಕಾರ್ಮಿಕರ ಕ್ಯಾಂಪಿನಲ್ಲಿ. ಅವನು ಶಾಲೆ ಬಿಟ್ಟು ಕೆಲಸಕ್ಕೆ ಹೋದುದರಿಂದಲೇ ನಾನು ಕಾಲೇಜಿನ ಮೆಟ್ಟಿಲು ಹತ್ತಿದ್ದು.

ನನಗೆ ಮೊದಲ ಬಾರಿ ಕಾರ್ಯಕ್ರಮದ ನಿರೂಪಣೆ ಒಪ್ಪಿಸಿದ ಸಂಜೆ ಅಣ್ಣನನ್ನು ಕರೆದೆ. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಮೀಸೆ ಕತ್ತರಿಸಿಕೊಂಡು ಬಂದ. ಅವನನ್ನು ಎರಡನೆಯ ಸಾಲಿನಲ್ಲಿ ನಾನೇ ಕೂರಿಸಿ ವೇದಿಕೆ ಹತ್ತಿದೆ. ಅಧ್ಯಕ್ಷರನ್ನು ಸ್ವಾಗತಿಸುವ ವಾಕ್ಯಗಳನ್ನು ಓದುತ್ತಿದ್ದಾಗ ಅವರು ಇನ್ನೂ ಕೆಳಗೇ ಇದ್ದರು. ಅಣ್ಣನ ಭುಜದ ಮೇಲೆ ಕೈಯಿಟ್ಟು ಬಾಗಿ ಮಾತನಾಡುತ್ತಿದ್ದರು. ಧ್ವನಿ ತಗ್ಗಿಸುವ ಅಭ್ಯಾಸ ಅವರಿಗಿರಲಿಲ್ಲ.

"ನೀವು ಬ್ಯಾಚುಲರ್ ಅಲ್ವಾ? ಹಿಂದೆ ಹೋಗಿ ಮಾರಾಯ್ರೆ. ಇಲ್ಲಿ ಹೆಂಗಸರು ಮಕ್ಕಳು ಕೂರ್ಲಿಕ್ಕುಂಟು."

ಅಣ್ಣ ಎದ್ದ. ನನ್ನ ಕಡೆ ನೋಡಲಿಲ್ಲ. ಎರಡೂ ಕಡೆಯ ಸಾಲುಗಳು ತಿರುಗಿ ನೋಡುತ್ತಿದ್ದಂತೆ ಹಿಂದಕ್ಕೆ ನಡೆದು, ರಿಬ್ಬನ್ನಿನ ಕೆಳಗೆ ನುಸುಳಿ ಆ ಕಡೆ ಹೋದ. ನನ್ನ ಬಾಯಿ ಮಾತ್ರ ನಿಲ್ಲಲಿಲ್ಲ. "ನಮ್ಮೆಲ್ಲರ ಹಿರಿಯರೂ ಮಾರ್ಗದರ್ಶಕರೂ ಆದ" ಎಂದು ಅದು ಓದುತ್ತಲೇ ಇತ್ತು. ನಾಟಕ ಆರಂಭವಾಗುವ ಮೊದಲೇ ಅಣ್ಣ ಹೊರಟುಹೋಗಿದ್ದ. ಆಮೇಲೆ ಎಷ್ಟು ಕರೆದರೂ ಬರಲಿಲ್ಲ. "ಅಲ್ಲಿ ಎಂತ ಉಂಟು? ಹಿಂದೆ ಫ್ಯಾನೂ ಇಲ್ಲ, ನಾಟಕವೂ ಕಾಣುದಿಲ್ಲ" ಎನ್ನುತ್ತಿದ್ದ. ಆ ಮಾತಿನಲ್ಲಿ ಸಿಟ್ಟಿನ ಎಳೆಯೂ ಇರಲಿಲ್ಲ. ಅವನಿಗೆ ಬರದ ಸಿಟ್ಟೆಲ್ಲ ನನ್ನಲ್ಲಿ ಸೇರಿಕೊಂಡಿತು.

ಆ ವರ್ಷದ ಮಹಾಸಭೆಯಲ್ಲಿ ನಾನು ಠರಾವು ಮಂಡಿಸಿದೆ: ಇನ್ನು ಮುಂದೆ ರಿಬ್ಬನ್ ಕಟ್ಟಬಾರದು, ಮೊದಲು ಬಂದವರು ಮುಂದೆ ಕುಳಿತುಕೊಳ್ಳಲಿ. ಪೂರ್ವಪಕ್ಷ, ಉತ್ತರಪಕ್ಷ, ದೃಷ್ಟಾಂತ, ಉಪಸಂಹಾರ ಎಲ್ಲವನ್ನೂ ಕಟ್ಟಿಕೊಂಡು ಹೋಗಿದ್ದೆ. ನಾನು ಮಾತನಾಡುವಷ್ಟು ಹೊತ್ತೂ ಅಧ್ಯಕ್ಷರು ಮುಗುಳ್ನಗುತ್ತಿದ್ದರು. ಅವರು ಒಂದು ದೊಡ್ಡ ಕಟ್ಟಡ ಕಂಪನಿಯ ಇಂಜಿನಿಯರು. ವಾರದ ರಜೆಯಾದ ಶುಕ್ರವಾರಗಳಂದು ಯುರೋಪಿನ ಸಹೋದ್ಯೋಗಿಗಳ ಜೊತೆ ಬಂಡೆ ಹತ್ತಲು ಹೋಗುವ ಏಕಮಾತ್ರ ಕನ್ನಡಿಗ ಎಂಬ ಕೀರ್ತಿ ಅವರಿಗಿತ್ತು. ಪ್ರತಿ ವರ್ಷ ಪ್ರತಿಭಾ ಪ್ರದರ್ಶನ ಮುಗಿದ ಮೇಲೆ ದೀಪ ಆರಿಸಿ ತಮ್ಮ ಸಾಹಸದ ಸ್ಲೈಡುಗಳನ್ನು ತೋರಿಸುತ್ತಿದ್ದರು. ಜಬಲ್ ಶಮ್ಸ್ ಬೆಟ್ಟದ ಉತ್ತರ ಮಗ್ಗುಲಿನ ಒಂದು ಕಡಿದಾದ ಬಂಡೆ ಆ ಚಿತ್ರಗಳಲ್ಲಿ ಮತ್ತೆ ಮತ್ತೆ ಬರುತ್ತಿತ್ತು. ಮಕ್ಕಳು ಅದನ್ನು "ಪ್ರೆಸಿಡೆಂಟ್ ಅಂಕಲ್ಸ್ ವಾಲ್" ಎನ್ನುತ್ತಿದ್ದರು.

ನನ್ನ ಉಪಸಂಹಾರ ಮುಗಿದ ಮೇಲೆ ಅವರು ಎದ್ದು ನಿಂತರು. "ಭಾಷಣ ಭಾರೀ ಚಂದ ಆಯ್ತು. ಕಾಲೇಜಿನಲ್ಲಿ ಮೈಕ್ ಇರ್ತದೆ, ಗ್ಲಾಸಿನಲ್ಲಿ ನೀರು ಇರ್ತದೆ, ಕಾಲ ಕೆಳಗೆ ನೆಲ ಇರ್ತದೆ. ಒಂದು ಕೆಲಸ ಮಾಡುವ. ಇವರು ನಮ್ಮ ಆ ಗೋಡೆ ಹತ್ತಿ ಬರ್ಲಿ. ಆ ದಿನ ಈ ರಿಬ್ಬನನ್ನು ನಾನೇ ನನ್ನ ಕೈಯಾರೆ ಕಟ್ ಮಾಡ್ತೇನೆ. ಏನಂತೀರಿ?"

ಸಭೆ ನಕ್ಕಿತು. ಹಿಂದಿನ ಬೆಂಚುಗಳೂ ನಕ್ಕವು. ಅದನ್ನು ನಾನು ಮರೆತಿಲ್ಲ. ಚರ್ಚಾಪಟುವಿಗೆ ಕಲಿಸುವ ಮೊದಲ ಪಾಠ, ಎದುರಾಳಿಯ ಪದಗಳ ಅರ್ಥವನ್ನು ಅವನ ಬಾಯಿಂದಲೇ ಹೇಳಿಸಬೇಕು ಎಂಬುದು. ನಗು ನಿಲ್ಲುವವರೆಗೆ ಕಾದು ಕೇಳಿದೆ:

"ಅಧ್ಯಕ್ಷರೇ, ಹತ್ತುವುದು ಎಂದರೆ ಏನೆಂದು ಸಭೆಗೆ ಸ್ಪಷ್ಟಪಡಿಸಬೇಕು."

"ಹತ್ತುದು ಅಂದ್ರೆ ತುದಿಗೆ ಮುಟ್ಟುದು ಮಾರಾಯ್ರೆ. ಅರ್ಧ ಹೋಗಿ ವಾಪಸ್ ಬಂದ್ರೆ ಅದು ಹತ್ತಿದ್ದು ಆಗುದಿಲ್ಲ."

"ಸಭೆ ಕೇಳಿಸಿಕೊಂಡಿದೆ" ಎಂದು ಹೇಳಿ ಕುಳಿತೆ.

ಅದರ ನಂತರದ ಎರಡು ಚಳಿಗಾಲಗಳನ್ನು ನಾನು ಕಲ್ಲಿಗೆ ಕೊಟ್ಟೆ. ಅದೇ ಯುರೋಪಿಯನ್ ಗುಂಪಿನ ಬೆನ್ನು ಹತ್ತಿ, ಅವರ ಹಗ್ಗ ಹೊತ್ತು, ಅವರ ಜೊತೆ ಕಣಿವೆಗಳ ಸಣ್ಣ ಬಂಡೆಗಳಲ್ಲಿ ಬಿದ್ದು ಎದ್ದು ಕಲಿತೆ. ಬೆರಳ ತುದಿಯ ಚರ್ಮ ಕಿತ್ತುಹೋಗಿ ಸೋಮವಾರದವರೆಗೂ ಟೈಪ್‌ರೈಟರಿನ ಕೀಲಿ ಒತ್ತಿದರೆ ಉರಿಯುತ್ತಿತ್ತು. ಉರಿದಾಗಲೆಲ್ಲ ಅಧ್ಯಕ್ಷರ ಮುಗುಳ್ನಗೆ ನೆನಪಾಗಿ ಹಿತವೆನಿಸುತ್ತಿತ್ತು. ಹಮ್ರಿಯಾದಲ್ಲಿ ನನ್ನ ಜೊತೆ ಒಂದೇ ಕೋಣೆಯಲ್ಲಿದ್ದ ಬ್ಯಾರಿ ಗೆಳೆಯ ವಾಹನಗಳ ಬಿಡಿಭಾಗದ ಅಂಗಡಿ ಇಟ್ಟುಕೊಂಡಿದ್ದ. ನಾನು ಬಾಗಿಲಿನ ಚೌಕಟ್ಟಿಗೆ ಬೆರಳು ಸಿಕ್ಕಿಸಿ ನೇತಾಡುವುದನ್ನು ನೋಡಿ ಅವನು ಚಾಪೆಯ ಮೇಲಿಂದಲೇ ಕೇಳುತ್ತಿದ್ದ: "ಎಂತ ವಕೀಲ್ರೆ, ಒಂದು ರಿಬ್ಬನ್ ಕಟ್ ಮಾಡ್ಲಿಕ್ಕೆ ಇಷ್ಟೆಲ್ಲ ಉಂಟಾ? ನನ್ನ ಅಂಗಡಿಯಲ್ಲಿ ಕತ್ತರಿ ಉಂಟು, ಬೇಕಾದ್ರೆ ತಗೊಂಡು ಹೋಗಿ."

"ನಾನು ಕತ್ತರಿಸಿದರೆ ಅದು ಕಿಡಿಗೇಡಿತನ. ಅವರು ಕತ್ತರಿಸಿದರೆ ಅದು ಒಪ್ಪಿಗೆ."

"ಖಲಾಸ್, ನಿಮ್ಮ ಹತ್ರ ಮಾತಾಡಿ ಪ್ರಯೋಜನ ಇಲ್ಲ" ಎಂದು ಅವನು ಮಗ್ಗುಲು ಬದಲಿಸುತ್ತಿದ್ದ.

ಎರಡನೆಯ ಚಳಿಗಾಲದ ನಡುವೆ, ನಾನು ಸಿದ್ಧನಾಗಿದ್ದೇನೆ ಎಂದು ಸಮಿತಿಗೆ ತಿಳಿಸಿದೆ. ಯುರೋಪಿನವರು ಕ್ರಿಸ್‌ಮಸ್ ರಜೆಗೆ ಹೋಗಿದ್ದರು. ಅಧ್ಯಕ್ಷರು ಸ್ವಲ್ಪವೂ ಯೋಚಿಸಲಿಲ್ಲ. "ನಿಮ್ಮ ಹಗ್ಗ ಹಿಡೀಲಿಕ್ಕೆ ಯಾರಾದ್ರೂ ಬೇಕಲ್ಲ? ಸಾಕ್ಷಿಯೂ ಬೇಕು. ನಾನೇ ಬರ್ತೇನೆ." ಅವರ ಲೆಕ್ಕಾಚಾರ ನನಗೆ ಗೊತ್ತಾಗಿತ್ತು. ಮುಂದೆ ಅವರು ಹತ್ತುತ್ತಾರೆ, ಹಿಂದೆ ನನ್ನನ್ನು ಎಳೆದುಕೊಳ್ಳುತ್ತಾರೆ. ಅರ್ಧದಲ್ಲಿ ಸೋತರೆ ಸೋಲು ನನ್ನದು, ತುದಿ ಮುಟ್ಟಿದರೆ ದಯೆ ಅವರದು. ತಿಳಿದೂ ಒಪ್ಪಿಕೊಂಡೆ.

ಗೆಳೆಯ ತನ್ನ ಪಿಕಪ್ಪಿನಲ್ಲಿ ನಮ್ಮಿಬ್ಬರನ್ನೂ ಬೆಟ್ಟದ ಬುಡಕ್ಕೆ ಕರೆದೊಯ್ದ. ಹಿಂದಿನ ದಿನ ಮೇಲೆ ಆಲಿಕಲ್ಲಿನ ಮಳೆ ಬಿದ್ದಿತ್ತು. ಗಾಳಿಯಲ್ಲಿ ನಾವು ಯಾರೂ ಮಸ್ಕತ್ತಿನಲ್ಲಿ ಕಾಣದ ಚಳಿ ಇತ್ತು. ಅಧ್ಯಕ್ಷರು ನೀಲಿ ಜಾಕೆಟ್ ತೊಟ್ಟಿದ್ದರು, ನಾನು ರೂವಿಯ ಬೀದಿಯಲ್ಲಿ ಕೊಂಡ ಕೆಂಪು ಸ್ವೆಟರ್. ಗೆಳೆಯ ಸ್ಟವ್ ಹಚ್ಚಿ ಹಾಲಿಲ್ಲದ ಶುಂಠಿಯ ಸುಲೈಮಾನಿ ಚಹಾ ಕಾಸಿ ಅಧ್ಯಕ್ಷರ ಫ್ಲಾಸ್ಕ್ ತುಂಬಿಸಿಕೊಟ್ಟ. ನಮ್ಮ ಚಲನೆಯನ್ನು ಕೆಳಗಿನಿಂದ ನೋಡಲು ಒಂದು ದುರ್ಬೀನನ್ನೂ ತಂದಿದ್ದ. "ಯಲ್ಲಾ, ಹೋಗಿ ಬನ್ನಿ. ಬಿದ್ರೆ ಗಾಡಿಯ ಮೇಲೆ ಬೀಳ್ಬೇಡಿ, ಹೊಸ ಪೈಂಟ್" ಎಂದ.

ಆ ಗೋಡೆಯನ್ನು ಒಂದೇ ಉಸಿರಿಗೆ ಹತ್ತಲಾಗುವುದಿಲ್ಲ. ಹಗ್ಗ ಮುಟ್ಟುವಷ್ಟು ದೂರ ಒಬ್ಬ ಮೊದಲು ಹತ್ತುತ್ತಾನೆ. ದಾರಿಯುದ್ದಕ್ಕೂ ಬಿರುಕುಗಳಿಗೆ ಲೋಹದ ಬೆಣೆ ಸಿಕ್ಕಿಸಿ, ಅದಕ್ಕೆ ಕೊಕ್ಕೆ ಹಾಕಿ, ಹಗ್ಗವನ್ನು ಅದರೊಳಗೆ ಹಾಯಿಸುತ್ತಾ ಹೋಗುತ್ತಾನೆ. ಜಾರಿದರೆ ಕೆಳಗಿರುವವನು ಹಗ್ಗ ಬಿಗಿಹಿಡಿಯಬೇಕು. ಮೇಲೆ ನಿಲ್ಲಲು ಜಾಗವಿರುವ ಕಲ್ಲಿನ ಕಟ್ಟೆ ತಲುಪಿದ ಮೇಲೆ ಅವನು ತನ್ನನ್ನು ಬಂಡೆಗೆ ಕಟ್ಟಿಕೊಂಡು ಎರಡನೆಯವನನ್ನು ಮೇಲಕ್ಕೆ ಕರೆಸಿಕೊಳ್ಳುತ್ತಾನೆ. ಇದು ಒಂದು ಮಜಲು. ಅಧ್ಯಕ್ಷರ ಗೋಡೆಯಲ್ಲಿ ಇಂಥ ಐದು ಮಜಲುಗಳು. ಒಳ್ಳೆಯ ದಿನದಲ್ಲಿ ಅದು ಸಾಧಾರಣ ಕಷ್ಟದ ದಾರಿ ಎಂದು ಯುರೋಪಿನವರು ಹೇಳುತ್ತಿದ್ದರು.

ಮೊದಲ ಮೂರು ಮಜಲುಗಳಲ್ಲಿ ಅಧ್ಯಕ್ಷರೇ ಮುಂದೆ. ಅವರು ಚೆನ್ನಾಗಿ ಹತ್ತುತ್ತಿದ್ದರು ಎಂಬುದನ್ನು ವೈರಿಯಾಗಿಯೂ ಒಪ್ಪಬೇಕು. ನಾನು ಕೆಳಗಿನಿಂದ ಹತ್ತುವಾಗ ಮಾತ್ರ ಅವರು ಹಗ್ಗವನ್ನು ಸಡಿಲ ಬಿಡುತ್ತಿದ್ದರು. ಜಾರಿದರೆ ಒಂದು ಮಾರು ಬೀಳುವಷ್ಟು ಸಡಿಲ. ಮೇಲಿನಿಂದ ಮಾತು ಬರುತ್ತಲೇ ಇತ್ತು.

"ಎಂತ ಮಾರಾಯ, ಪಾಯಿಂಟ್ ಮರ್ತುಹೋಯ್ತಾ? ಅಲ್ಲಿ ಗ್ಲಾಸು ನೀರು ಇಲ್ಲ!"

"ಹಗ್ಗ ಬಿಗಿ ಮಾಡಿ ಸಾರ್."

"ಹಗ್ಗ ಎಳೀಲಿಕ್ಕೆ ಅಲ್ಲ ಇರುದು. ಸ್ವಂತ ಕೈಕಾಲಲ್ಲಿ ಬಾ. ಇಲ್ಲದಿದ್ರೆ ಹತ್ತಿದ್ದು ಅಂತ ಹೇಳ್ಲಿಕ್ಕಾಗುದಿಲ್ಲ."

ಒಂದೊಂದು ಮಾತನ್ನೂ ಒಂದೊಂದು ಹಿಡಿಕೆಯಾಗಿ ಮಾಡಿಕೊಂಡು ಮೇಲೆ ಹೋದೆ.

ಮೂರನೆಯ ಮಜಲಿನ ತುದಿಯಲ್ಲಿ ಇಬ್ಬರು ನಿಲ್ಲುವಷ್ಟು ಅಗಲದ ಕಟ್ಟೆ. ಅಲ್ಲಿಂದ ಮುಂದೆ ದಾರಿ ಎರಡು ಬಂಡೆಗಳು ಸೇರುವ ಮೂಲೆಯೊಳಗೆ ಹೋಗುತ್ತದೆ. ಬಿಸಿಲು ಬೀಳದ ಆ ಮೂಲೆಯಲ್ಲಿ ಆಲಿಕಲ್ಲಿನ ನೀರು ಇಳಿದು, ಚಳಿಗೆ ಹೆಪ್ಪುಗಟ್ಟಿ, ಕಲ್ಲಿನ ಮೇಲೆ ಗಾಜು ಬಳಿದಂತೆ ನಿಂತಿತ್ತು. ಬಿರುಕಿನೊಳಗೆ ಬೆರಳು ಗಾತ್ರದ ಮಂಜುಗಡ್ಡೆ, ಕಾಲಿಡುವ ಕಡೆಯೆಲ್ಲ ತೆಳುವಾದ ಹೊಳಪು. ಒಮಾನಿನಲ್ಲಿ ಇಂಥದನ್ನು ನಾನೂ ಕಂಡಿರಲಿಲ್ಲ, ಅವರೂ ಕಂಡಿರಲಿಲ್ಲ. ನಾವಿಬ್ಬರೂ ಕಡಲ ಕರೆಯವರು. ನಮಗೆ ಮಂಜುಗಡ್ಡೆ ಎಂದರೆ ಮೀನಿನ ಪೆಟ್ಟಿಗೆಯೊಳಗೆ ಇರುವ ವಸ್ತು.

ಅಧ್ಯಕ್ಷರು ಸ್ವಲ್ಪ ಹೊತ್ತು ಅದನ್ನು ನೋಡಿದರು. ಆಮೇಲೆ ಫ್ಲಾಸ್ಕ್ ತೆಗೆದರು.

"ಬಿಸಿ ಚಾ ಹೊಯ್ದ್ರೆ ಕರಗ್ತದೆ. ಮನೆಯಲ್ಲಿ ಫ್ರೀಜರಿನ ಬಂಗುಡೆಗೆ ಬಿಸಿ ನೀರು ಹಾಕುದಿಲ್ವಾ, ಹಾಗೆ."

"ಸಾರ್, ಬೇಡ. ನೀರು ಮತ್ತೆ ಹೆಪ್ಪುಗಟ್ಟುತ್ತದೆ."

"ನೀನು ಆರ್ಟ್ಸ್ ಅಲ್ವಾ? ಸೈನ್ಸ್ ನನಗೆ ಬಿಡು."

ಚಹಾ ಬಿದ್ದಲ್ಲಿ ಒಂದಿಷ್ಟು ಹಬೆ ಎದ್ದಿತು, ಶುಂಠಿಯ ವಾಸನೆ ಬಂತು. ಮೇಲ್ಪದರ ಕರಗಿ ಕೆಳಗಿನ ಒಣ ಮೆಟ್ಟಿಲುಗಳ ಮೇಲೂ ಹರಿಯಿತು. ಅವರು ಬೆಣೆಗಳನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುವಷ್ಟರಲ್ಲಿ ಅಲ್ಲಿ ಕಂದುಬಣ್ಣದ ಹೊಸ ಹೊಳಪು ಮೂಡಿತ್ತು. ಮೊದಲಿಗಿಂತ ನುಣುಪು. ಅದರ ಮೇಲೆಯೇ ಅವರು ಹತ್ತಿದರು. ಒಂದು ಬೆಣೆ ಸಿಕ್ಕಿಸಿ, ಅದರ ಮೇಲೆ ಒಂದು ಆಳೆತ್ತರ ಹೋದರು. ಕಾಲು ಜಾರಿತು. ನೀಲಿ ಜಾಕೆಟ್ ನನ್ನ ತಲೆಯ ಕಡೆಗೆ ಬಂತು, ಹಗ್ಗ ನನ್ನ ಸೊಂಟವನ್ನು ಬಂಡೆಗೆ ಅಪ್ಪಳಿಸಿತು, ಅವರು ಕಟ್ಟೆಯ ಮೇಲೆ ಗಾಳಿಯಲ್ಲಿ ತೂಗಿ ನಿಂತರು.

ಆ ಕ್ಷಣ ಕೈ ಸಡಿಲಿಸುವ ಯೋಚನೆ ಬರಲಿಲ್ಲವೇ ಎಂದು ಕೇಳಿದವರಿದ್ದಾರೆ. ಬರಲಿಲ್ಲ. ಸತ್ತವನು ರಿಬ್ಬನ್ ಕತ್ತರಿಸಲಾರ. ಅವರ ಜೀವವನ್ನು ನನ್ನಷ್ಟು ಜೋಪಾನವಾಗಿ ಆ ದಿನ ಅವರ ತಾಯಿಯೂ ಹಿಡಿಯುತ್ತಿರಲಿಲ್ಲ.

ಅವರನ್ನು ಕಟ್ಟೆಗೆ ಇಳಿಸಿಕೊಂಡೆ. ಗಾಯವಾಗಿರಲಿಲ್ಲ. "ಇವತ್ತು ಆಗುದಿಲ್ಲ" ಎಂದರು. "ಇಳಿಯುವ. ಹವೆ ಸರಿ ಇಲ್ಲ. ನಾನು ಹೇಳ್ತೇನೆ ಸಮಿತಿಯಲ್ಲಿ, ಹುಡುಗ ಒಳ್ಳೆ ಪ್ರಯತ್ನ ಮಾಡಿದ ಅಂತ."

"ರಿಬ್ಬನ್?"

"ಅದು ಮುಂದಿನ ವರ್ಷ ನೋಡುವ."

"ಅರ್ಧ ಹೋಗಿ ವಾಪಸ್ ಬಂದರೆ ಅದು ಹತ್ತಿದ್ದು ಆಗುವುದಿಲ್ಲ ಸಾರ್. ಸಭೆ ಕೇಳಿಸಿಕೊಂಡಿದೆ" ಎಂದು ಹೇಳಿ ನಾನು ಬೂಟಿನ ದಾರ ಬಿಚ್ಚಿದೆ.

ಕಾಲೇಜಿನ ಬೇಸಿಗೆ ರಜೆಗಳಲ್ಲಿ ನಾನು ನಮ್ಮೂರ ಬಂದರಿನ ಐಸ್ ಕಾರ್ಖಾನೆಯಲ್ಲಿ ಟೋಕನ್ ಕೊಡುವ ಕೆಲಸಕ್ಕೆ ಕೂರುತ್ತಿದ್ದೆ. ಆಳೆತ್ತರದ ಮಂಜುಗಡ್ಡೆಗಳನ್ನು ಒದ್ದೆ ನೆಲದ ಮೇಲೆ ಎಳೆಯುವವರು ಕಾಲಿಗೆ ಗೋಣಿತಟ್ಟು ಸುತ್ತಿಕೊಳ್ಳುವುದನ್ನು ದಿನವೂ ನೋಡುತ್ತಿದ್ದೆ. ಒರಟು ನಾರು ಮಂಜುಗಡ್ಡೆಗೆ ಕಚ್ಚಿಕೊಳ್ಳುತ್ತದೆ, ರಬ್ಬರು ಜಾರುತ್ತದೆ. ನನ್ನ ಕಾಲಿನಲ್ಲಿ ದಪ್ಪ ಉಣ್ಣೆಯ ಕಾಲುಚೀಲಗಳಿದ್ದವು. ಅವನ್ನು ಕಳಚಿ, ಬರಿಗಾಲಿಗೆ ಬೂಟು ತೊಟ್ಟು, ಬೂಟಿನ ಮೇಲೆ ಕಾಲುಚೀಲಗಳನ್ನು ಎಳೆದುಕೊಂಡೆ.

ಅಧ್ಯಕ್ಷರು ನೋಡುತ್ತಲೇ ಇದ್ದರು. "ಎಂತ ವೇಷ ಇದು?" ಎಂದರು. ಆ ಮಾತಿನಲ್ಲಿ ಕೆಳಗಿನ ಮಜಲುಗಳ ಗತ್ತು ಇರಲಿಲ್ಲ.

"ಹಗ್ಗ ಹಿಡಿದುಕೊಳ್ಳಿ ಸಾರ್. ಸಡಿಲ ಬಿಡಬೇಡಿ."

ಆ ಮೂಲೆಯನ್ನು ಹತ್ತಿದ್ದು ನನ್ನ ಜೀವನದಲ್ಲಿ ನಾನು ಮಾಡಿದ ಅತ್ಯಂತ ದೀರ್ಘವಾದ ವಾದ. ಅವರ ಬಳಿಯಿದ್ದ ಸುತ್ತಿಗೆಯಿಂದ ಬಿರುಕಿನ ಮಂಜುಗಡ್ಡೆಯನ್ನು ಮೆಲ್ಲಗೆ ಕುಟ್ಟಿ, ಬೆಣೆ ಕೂರುವಷ್ಟು ಜಾಗ ಮಾಡಿಕೊಂಡೆ. ಬೆನ್ನನ್ನು ಒಂದು ಬಂಡೆಗೆ ಒತ್ತಿ, ಕಾಲನ್ನು ಎದುರು ಬಂಡೆಗೆ ಊರಿ, ಕಾಲುಚೀಲ ಹಿಡಿಯುತ್ತದೆಯೋ ಎಂದು ಪ್ರತಿ ಸಲವೂ ಭಾರ ಹಾಕಿ ಕೇಳಿ, ಉತ್ತರ ಸಿಕ್ಕ ಮೇಲೆಯೇ ಮುಂದಿನ ಹೆಜ್ಜೆ. ಬೆರಳುಗಳಿಗೆ ಸ್ಪರ್ಶವೇ ಇರಲಿಲ್ಲ. ಬಿರುಕಿನಲ್ಲಿ ಇರುವುದು ನನ್ನ ಕೈಯೇ ಎಂದು ಕಣ್ಣಿನಿಂದ ಖಾತ್ರಿ ಮಾಡಿಕೊಳ್ಳಬೇಕಿತ್ತು. ಭಯವಾಯಿತು. ಭಯವಾದಾಗ ಬಿಳಿ ಅಂಗಿಯ ಭುಜದ ಮೇಲಿದ್ದ ಆ ಕೈಯನ್ನು ನೆನೆದೆ. ದೇವರನ್ನು ನೆನೆಯುವವರಿಗೆ ಸಿಗುವ ಬಲವೂ ಇದಕ್ಕಿಂತ ಹೆಚ್ಚಿನದಿರಲಾರದು. ಕೊನೆಗೆ ಒಣ ಕಲ್ಲು ಕೈಗೆ ಸಿಕ್ಕಿತು. ಮೇಲಿನ ಕಟ್ಟೆಗೆ ಹೊರಳಿ, ಮೂರು ಬೆಣೆಗಳಿಗೆ ನನ್ನನ್ನು ಕಟ್ಟಿಕೊಂಡು, "ಬನ್ನಿ ಸಾರ್" ಎಂದು ಕೂಗಿದೆ.

ಅವರಿಗೆ ಬರಲಾಗಲಿಲ್ಲ. ಕೆಳಗಿನ ಎರಡು ಹೆಜ್ಜೆಗಳಲ್ಲೇ ಜಾರಿ, ನನ್ನ ಹಗ್ಗಕ್ಕೆ ಜೋತುಬಿದ್ದು, ಮತ್ತೆ ಕಾಲೂರಿ, ಮತ್ತೆ ಜಾರಿದರು.

"ಬಿಗಿ ಮಾಡು ಮಾರಾಯ!"

"ಬಿಗಿಯಾಗಿದೆ ಸಾರ್."

"ಎಳಿ! ಮೇಲೆ ಎಳಿ!"

"ಹಗ್ಗ ಎಳೆಯಲಿಕ್ಕೆ ಅಲ್ಲ ಸಾರ್. ಸ್ವಂತ ಕೈಕಾಲಲ್ಲಿ ಬನ್ನಿ."

ಅವರ ಬೂಟುಗಳು ಇನ್ನೊಮ್ಮೆ ಕಲ್ಲನ್ನು ಕೆರೆದು ಜಾರಿದವು. ಆಮೇಲೆ, ನಾನು ಎರಡು ವರ್ಷ ಕನಸಿನಲ್ಲಿ ಕೇಳಿದ್ದ ಧ್ವನಿ ಮೇಲೆ ಬಂತು: "ರಿಬ್ಬನ್ ಬೇಡ, ತೆಗೀತೇನೆ. ನೀನು ಹೇಳಿದ ಹಾಗೆಯೇ ಆಗ್ಲಿ. ಎಳಿ ಮಾರಾಯ, ಕೈ ಮುಗೀತೇನೆ."

ಇಲ್ಲಿ ನಾನು ತೃಪ್ತನಾಗಬಹುದಿತ್ತು. ಆದರೆ ಬಲವಂತದಿಂದ ಪಡೆದ ಒಪ್ಪಿಗೆ ವಾದದಲ್ಲಿ ನಿಲ್ಲುವುದಿಲ್ಲ. ಕೆಳಗಿಳಿದ ಮೇಲೆ ಅದನ್ನು ಯಾರು ಬೇಕಾದರೂ ನಿರಾಕರಿಸಬಹುದು. ಮೇಲಾಗಿ ಕೇಳಿಸಿಕೊಳ್ಳಲು ಅಲ್ಲಿ ಸಭೆಯಿರಲಿಲ್ಲ. ನನಗೆ ಅವರ ಪ್ರಾರ್ಥನೆ ಬೇಡವಾಗಿತ್ತು, ಮಾತು ಬೇಕಿತ್ತು. ಅವರೂ ತುದಿ ಮುಟ್ಟಬೇಕಿತ್ತು, ಕಣ್ಣಾರೆ ಕಂಡ ಸಾಕ್ಷಿಯಾಗಿ.

"ಆ ಮಾತು ಇಲ್ಲಿ ಬೇಡ ಸಾರ್, ಸಭೆಯಲ್ಲಿ ಹೇಳಿ. ನಿಮ್ಮ ಕಾಲುಚೀಲ ಬೂಟಿನ ಮೇಲೆ ಹಾಕಿಕೊಳ್ಳಿ."

"ನನ್ನದು ನೈಲಾನ್!" ಎಂಬ ಕೂಗು ಬಂತು. ಕಚೇರಿಗೆ ಹಾಕುವ ಕಾಲುಚೀಲದಲ್ಲೇ ಅವರು ಬೆಟ್ಟಕ್ಕೂ ಬರುತ್ತಿದ್ದರು.

ನಾನು ನನ್ನ ಕಾಲುಚೀಲಗಳನ್ನು ಕಳಚಿದೆ. ಒದ್ದೆಯಾಗಿದ್ದವು, ಮುಂಭಾಗ ಹರಿದಿತ್ತು, ಎರಡು ದಿನದ ಬೆವರಿನ ವಾಸನೆ ಇತ್ತು. ಉಳಿದಿದ್ದ ಹಗ್ಗಕ್ಕೆ ಕಟ್ಟಿ ಕೆಳಗೆ ಇಳಿಸಿದೆ. ಮೇಲಿನಿಂದ ಬಾಗಿ ನೋಡಿದೆ. ಮದೀನತ್ ಸುಲ್ತಾನ್ ಖಾಬೂಸ್ ಎಂಬ ಶ್ರೀಮಂತರ ಬಡಾವಣೆಯ ಬಂಗಲೆಯಲ್ಲಿ ವಾಸಿಸುವ, ಫ್ಯಾಮಿಲಿಗಳ ಫ್ಯಾಮಿಲಿಯಾದ ಆ ಮನುಷ್ಯ, ಒಬ್ಬ ಬ್ಯಾಚುಲರನ ಕಾಲುಚೀಲಗಳನ್ನು ಒಂದೊಂದಾಗಿ ಎಳೆದುಕೊಂಡು, ಮಡಿಕೆ ಸರಿಮಾಡಿಕೊಳ್ಳುತ್ತಿದ್ದರು. ಆ ದೃಶ್ಯವನ್ನು ನಾನು ಇಂದಿಗೂ ಬೇಕೆಂದಾಗ ತೆಗೆದು ನೋಡಿಕೊಳ್ಳುತ್ತೇನೆ. ಅದರ ಬಣ್ಣ ಸ್ವಲ್ಪವೂ ಮಾಸಿಲ್ಲ.

ಅವರು ಬಂದರು. ಒಂದೊಂದು ಹೆಜ್ಜೆಗೂ ಹಗ್ಗವನ್ನು ಬಿಗಿಯಾಗಿ ತೆಗೆದುಕೊಂಡೆ, ಎಳೆಯಲಿಲ್ಲ. ಐದನೆಯ ಮಜಲು ಒಡೆದ ಕಲ್ಲುಗಳ ಸುಲಭದ ದಾರಿ. ಅದರಲ್ಲಿಯೂ ನಾನೇ ಮುಂದೆ ಹೋದೆ, ಅವರು ಬೇಡವೆನ್ನಲಿಲ್ಲ. ತುದಿಯಲ್ಲಿ ನಾವು ಕೈಕುಲುಕಲಿಲ್ಲ. ಇನ್ನೊಂದು ಮಗ್ಗುಲಿನ ಕಾಲುದಾರಿಯಲ್ಲಿ ಇಳಿಯುವಾಗ ಅವರು ಒಂದೇ ಮಾತು ಆಡಿದರು: "ಕಾಲುಚೀಲ ತೊಳೆದು ಕೊಡ್ತೇನೆ."

ಗೆಳೆಯ ಪಿಕಪ್ಪಿಗೆ ಒರಗಿ ನಿಂತಿದ್ದ. "ನಾಲ್ಕನೆಯದ್ರಲ್ಲಿ ಕೆಂಪು ಮೇಲೆ, ನೀಲಿ ಕೆಳಗೆ ಕಂಡಿತು. ನನ್ನ ದುರ್ಬೀನು ಉಲ್ಟಾ ಹಿಡಿದಿದ್ದೆನಾ ಅಂತ ಡೌಟ್ ಬಂತು" ಎಂದ. ಅಧ್ಯಕ್ಷರು ಮುಂದಿನ ಸೀಟಿನಲ್ಲಿ ಕುಳಿತು ಕಣ್ಣು ಮುಚ್ಚಿಕೊಂಡರು.

ಮುಂದಿನ ಕಾರ್ಯಕ್ರಮಕ್ಕೆ ನಾನು ಅಣ್ಣನ ಕ್ಯಾಂಪಿಗೇ ಹೋಗಿ ಕರೆದೆ. "ಒಂದೇ ಒಂದು ಸಲ ಬಾ. ಅವರು ನಿನ್ನ ಎದುರು ಆ ರಿಬ್ಬನ್ ಕತ್ತರಿಸುವುದನ್ನು ನೋಡು." ಅವನು ಒಪ್ಪಿದ. ಎರಡನೆಯ ಸಾಲಿನಲ್ಲಿ, ಹಿಂದೆ ಅವನು ಕುಳಿತಿದ್ದ ಜಾಗದಲ್ಲೇ, ಒಂದು ಕುರ್ಚಿಯ ಮೇಲೆ ನನ್ನ ಕರವಸ್ತ್ರ ಹಾಕಿ ಹಿಡಿದಿಟ್ಟೆ.

ಅಧ್ಯಕ್ಷರು ಮಾತು ಉಳಿಸಿಕೊಂಡರು. ಹೇಗೆ ಉಳಿಸಿಕೊಂಡರು ಎಂಬುದನ್ನು ನಾನು ಊಹಿಸಿರಲಿಲ್ಲ. ಕೂಟಗಳನ್ನು ನಡೆಸುವವರಿಗೆ ರಿಬ್ಬನ್ ಕತ್ತರಿಸುವುದು ಎಂದರೆ ಒಂದೇ ಅರ್ಥ: ಉದ್ಘಾಟನೆ. ಸಭಾಂಗಣದ ನಡುವೆ ನೀಲಿ ರಿಬ್ಬನ್ನಿಗೆ ಸೇವಂತಿಗೆ ಹೂ ಸುತ್ತಿದ್ದರು. ಇಬ್ಬರು ಹೆಣ್ಣುಮಕ್ಕಳು ಲಂಗ ತೊಟ್ಟು, ಸ್ಟೀಲು ತಟ್ಟೆಯಲ್ಲಿ ಕುಂಕುಮ ಹಚ್ಚಿದ ಕತ್ತರಿ ಹಿಡಿದು ನಿಂತಿದ್ದರು. ಛಾಯಾಗ್ರಾಹಕ ತಯಾರಿದ್ದ. ಅಧ್ಯಕ್ಷರು ಶಾಲು ಹೊದ್ದು ಬಂದು, ಕ್ಯಾಮರಾದ ಕಡೆ ಮುಖ ಮಾಡಿ ಕತ್ತರಿಸಿದರು. ಚಪ್ಪಾಳೆ. "ಇವತ್ತಿನಿಂದ ನಮ್ಮಲ್ಲಿ ಹಿಂದೆ ಮುಂದೆ ಇಲ್ಲ" ಎಂದರು. ಮತ್ತೆ ಚಪ್ಪಾಳೆ. "ಈ ಯೋಚನೆ ನನಗೆ ಬಂದದ್ದು ಬೆಟ್ಟದ ಮೇಲೆ. ನಮ್ಮ ಒಬ್ಬ ಯುವಕನನ್ನು ಕೈಹಿಡಿದು ಗೋಡೆ ಹತ್ತಿಸುವಾಗ ನನಗನಿಸಿತು, ಎಲ್ಲರನ್ನೂ 'ಮೇಲೆ' ತರಬೇಕು ಅಂತ."

ಹಿಂದಿನ ಬೆಂಚಿನಿಂದ ಗೆಳೆಯನ ಧ್ವನಿ ಎದ್ದಿತು: "ನಾಲ್ಕನೇ ಮಜಲಿನಲ್ಲಿ ಯಾರು ಯಾರ ಕೈ ಹಿಡಿದದ್ದು ಅಧ್ಯಕ್ಷರೇ?"

ಅವರು ಕೇಳಿಸದಂತೆ ಮುಂದುವರಿಸಿದರು. ನನಗೆ ಒಪ್ಪಿಸಿದ್ದು ವಂದನಾರ್ಪಣೆ. ಎದುರು ಮಾತನಾಡುವವನಿಗೆ ವಂದನಾರ್ಪಣೆ ಕೊಟ್ಟರೆ ಅವನು ಹೊಗಳಲೇಬೇಕಾಗುತ್ತದೆ ಎಂಬುದು ಸಮಿತಿಗಳ ಹಳೆಯ ಉಪಾಯ. ನಾನು ಹೊಗಳಿದೆ. ಒಂದು ಸುಳ್ಳನ್ನೂ ಸೇರಿಸಲಿಲ್ಲ.

"ಸನ್ಮಾನ್ಯ ಅಧ್ಯಕ್ಷರಿಗೆ ಈ ಕೆಳಗಿನ ಕಾರಣಗಳಿಗಾಗಿ ಕೃತಜ್ಞತೆಗಳು. ಮಂಜುಗಡ್ಡೆಯ ಮೇಲೆ ಬಿಸಿ ಚಹಾ ಸುರಿದು, ಸಾಧಾರಣವಾಗಿದ್ದ ದಾರಿಯನ್ನು ಕಠಿಣವಾಗಿಸಿ, ಈ ಯುವಕನ ಸಾಧನೆಯ ಮಟ್ಟವನ್ನು ಎತ್ತರಿಸಿದ್ದಕ್ಕಾಗಿ. ಆ ಚಹಾದ ಮೇಲೆ ತಾವೇ ಮೊದಲು ಜಾರಿ ಬಿದ್ದು, ಮುಂದಾಳುತನವನ್ನು ಈ ಯುವಕನಿಗೆ ಬಿಟ್ಟುಕೊಟ್ಟ ಔದಾರ್ಯಕ್ಕಾಗಿ. ಹಗ್ಗ ಎಳೆಯಲಿಕ್ಕೆ ಅಲ್ಲ ಎಂಬ ತತ್ತ್ವವನ್ನು ಬೋಧಿಸಿ, ಆಮೇಲೆ 'ಎಳಿ ಮಾರಾಯ' ಎಂದು ಕೂಗಿ ತತ್ತ್ವಕ್ಕೂ ಪ್ರಾಣಕ್ಕೂ ಇರುವ ವ್ಯತ್ಯಾಸವನ್ನು ತಿಳಿಸಿಕೊಟ್ಟಿದ್ದಕ್ಕಾಗಿ. ಎಲ್ಲಕ್ಕಿಂತ ಮಿಗಿಲಾಗಿ, ಹಿಂದೆ ಮುಂದೆ ಎಂಬ ಭೇದ ಎಣಿಸದೆ ಒಬ್ಬ ಬ್ಯಾಚುಲರನ ಬೆವರಿದ ಕಾಲುಚೀಲಗಳನ್ನು ತಮ್ಮ ಬೂಟಿನ ಮೇಲೆ ಧರಿಸಿ ತುದಿ ಮುಟ್ಟಿದ್ದಕ್ಕಾಗಿ."

ನಗು ಮೊದಲು ಹಿಂದಿನಿಂದ ಬಂತು. ಆಮೇಲೆ ಮುಂದಿನಿಂದಲೂ ಬಂತು, ಅವರ ಮಗಳೇ "ಡ್ಯಾಡಿ, ಸಾಕ್ಸ್?" ಎಂದು ಜೋರಾಗಿ ಕೇಳಿದಳು. ಅಧ್ಯಕ್ಷರ ಮುಖದ ಮುಗುಳ್ನಗೆ ಹಾಗೆಯೇ ಇತ್ತು, ಕಣ್ಣುಗಳು ಮಾತ್ರ ಬೇರೆಡೆ ಹೋಗಿದ್ದವು. ಅವರ ಸ್ಲೈಡುಗಳ ಪೆಟ್ಟಿಗೆ ಆ ಸಂಜೆ ತೆರೆಯಲಿಲ್ಲ. ನನಗೆ ಅನ್ನದಷ್ಟು ರುಚಿಯಾಯಿತು ಆ ನಗು. ಅದಕ್ಕಾಗಿ ನಾನು ಯಾರ ಕ್ಷಮೆಯನ್ನೂ ಕೇಳುವವನಲ್ಲ.

ಮೈಕ್ ಬಿಟ್ಟು ಎರಡನೆಯ ಸಾಲಿನ ಕಡೆ ನೋಡಿದೆ. ಕುರ್ಚಿಯ ಮೇಲೆ ಕರವಸ್ತ್ರ ಹಾಗೆಯೇ ಇತ್ತು. ಅಣ್ಣ ಕೊನೆಯ ಬೆಂಚಿನಲ್ಲಿ, ಬಾಗಿಲ ಪಕ್ಕ, ಕಾಗದದ ತಟ್ಟೆಯಲ್ಲಿ ಅವಲಕ್ಕಿ ತಿನ್ನುತ್ತಿದ್ದ. ಮುಂದಿನ ಎಷ್ಟೋ ಕುರ್ಚಿಗಳು ಖಾಲಿ ಇದ್ದವು. ಕ್ಯಾಂಪಿನಿಂದ ಬಂದವರೆಲ್ಲ ಅವನ ಸುತ್ತಲೇ ಕುಳಿತಿದ್ದರು.

"ಮುಂದೆ ನಿನಗೆ ಜಾಗ ಹಿಡಿದಿದ್ದೆ ಅಣ್ಣ."

"ಕಂಡೆ. ಬೇಡ ಮಾರಾಯ. ಮತ್ತೆ ಯಾರಾದ್ರೂ ಬಂದು ಏಳು ಅಂತ ಹೇಳಿದ್ರೆ?"

"ಇನ್ನು ಯಾರು ಹೇಳುತ್ತಾರೆ? ಅದು ಹೋಯಿತಲ್ಲ."

"ಹೋಯ್ತು. ಒಳ್ಳೇದಾಯ್ತು" ಎಂದು ಅವನು ನನ್ನನ್ನು ಸಮಾಧಾನಪಡಿಸುವಂತೆ ಹೇಳಿದ. "ನೀನು ಚಂದ ಮಾತಾಡಿದೆ. ಆದ್ರೆ ಮಗುವಿನ ಎದುರು ಅಪ್ಪನಿಗೆ ಅಷ್ಟು ಹೇಳ್ಬಾರ್ದಿತ್ತು."

"ತಮ್ಮನ ಎದುರು ಅಣ್ಣನಿಗೆ ಹೇಳಬಹುದಿತ್ತೇ?"

ಅವನು ಬೆಂಚಿನಲ್ಲಿ ಸ್ವಲ್ಪ ಸರಿದು ನನಗೆ ಜಾಗ ಮಾಡಿದ. ಕುಳಿತೆ. ದೂರದಲ್ಲಿ ಅಧ್ಯಕ್ಷರು ಯಾರದೋ ಕೈಕುಲುಕುತ್ತಿದ್ದರು. ಒಂದು ಕೈಯನ್ನು ಭುಜದ ಮೇಲಿಡಲು ಅವರಿಗೆ ಒಂದು ಗಳಿಗೆ ಸಾಕಾಗಿತ್ತು. ಅದನ್ನು ಅಲ್ಲಿಂದ ತೆಗೆಯಲು ಎರಡು ಚಳಿಗಾಲ, ಐದು ಮಜಲು, ಒಂದು ತುಂಬಿದ ಸಭೆ ಸಾಲಲಿಲ್ಲ. ಅಣ್ಣ ತಾನಾಗಿ ಎದ್ದು ಮುಂದೆ ಹೋಗಿ ಕುಳಿತುಕೊಳ್ಳುವ ದಿನದವರೆಗೆ ಆ ಮನುಷ್ಯನನ್ನು ಬಿಡುವುದಿಲ್ಲ ಎಂದು ಆ ಬೆಂಚಿನ ಮೇಲೆಯೇ ತೀರ್ಮಾನಿಸಿದೆ. ಗೆಳೆಯ ತಟ್ಟೆ ಹಿಡಿದು ನಮ್ಮ ಬಳಿ ಬಂದ.

"ಖಲಾಸ್ ಅಲ್ವಾ ವಕೀಲ್ರೆ? ಇನ್ನಾದ್ರೂ ನಿದ್ರೆ ಮಾಡ್ಬಹುದಾ?"

"ಮುಂದಿನ ಚುನಾವಣೆಗೆ ಅಧ್ಯಕ್ಷ ಸ್ಥಾನಕ್ಕೆ ನಾನು ನಿಲ್ಲುತ್ತಿದ್ದೇನೆ" ಎಂದೆ.

ಅಣ್ಣ ನಿಟ್ಟುಸಿರುಬಿಟ್ಟು ತನ್ನ ತಟ್ಟೆಯ ಅವಲಕ್ಕಿಯಲ್ಲಿ ಅರ್ಧವನ್ನು ನನ್ನ ಕೈಗೆ ಹಾಕಿದ. "ಮೊದಲು ತಿನ್ನು," ಎಂದ, "ಆಮೇಲೆ ನಿಲ್ಲು."